ಹಳೇ ಫೋರ್ ವೀಲ್ ಗಾಡಿಯ ಸದ್ದು: ಬಿಚ್ಚುವ ಮೊದಲು ಪತ್ತೆ

ಫೋರ್ ವೀಲ್ ಡ್ರೈವ್ ಗಾಡಿ ಹಳತಾದಂತೆ ಅಡಿಯಿಂದ ಹೊರಡುವ ಸದ್ದುಗಳಿಗೆ ಮೂಲ ಹಲವು. ಮುಂದಿನ ಚಕ್ರ ಮಾತ್ರ ಎಳೆಯುವ ಸಾಮಾನ್ಯ ಕಾರಿನಲ್ಲಿ ಗೇರ್‌ಬಾಕ್ಸ್, ಎರಡು ಡ್ರೈವ್ ಶಾಫ್ಟ್ ಮತ್ತು ನಾಲ್ಕು ಚಕ್ರಗಳ ಬೇರಿಂಗ್ ನೋಡಿದರೆ ಹುಡುಕಾಟ ಬಹುಪಾಲು ಮುಗಿಯುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಇವುಗಳ ಜೊತೆಗೆ ಟ್ರಾನ್ಸ್‌ಫರ್ ಕೇಸ್, ಪ್ರೊಪೆಲರ್ ಶಾಫ್ಟ್, ಅದರ ಕ್ರಾಸ್‌ಗಳು (ಯೂನಿವರ್ಸಲ್ ಜಾಯಿಂಟ್), ಸೆಂಟರ್ ಬೇರಿಂಗ್, ಇನ್ನೊಂದು ಡಿಫರೆನ್ಷಿಯಲ್, ಇನ್ನೆರಡು ಶಾಫ್ಟ್ ಸೇರಿಕೊಳ್ಳುತ್ತವೆ. ಇವೆಲ್ಲ ಕಬ್ಬಿಣದ ಒಂದೇ ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಹಿಂದೆ ಹುಟ್ಟಿದ ಸದ್ದು ಚಾಸಿಯಲ್ಲಿ ಹರಿದು ಮುಂದಿನ ಸೀಟಿನ ಕೆಳಗೆ ಕೇಳುತ್ತದೆ. ಕಿವಿಗೆ ಕೇಳಿದ ಜಾಗವನ್ನೇ ನಂಬಿ ಪಾರ್ಟ್ ಬದಲಿಸಿದರೆ ದುಡ್ಡೂ ಹೋಗುತ್ತದೆ, ಸದ್ದೂ ಉಳಿಯುತ್ತದೆ.

ಉಡುಪಿ ಜಿಲ್ಲೆಯಲ್ಲಿ ಇಂಥ ಗಾಡಿಗಳಿಗೆ ಕೆಲಸವೂ ಇದೆ, ಕಷ್ಟವೂ ಇದೆ. ಕಾಪು, ಮಲ್ಪೆ ಕಡೆ ವರ್ಷವಿಡೀ ಉಪ್ಪುಗಾಳಿ. ಉಡುಪಿಯಿಂದ ಇಂದ್ರಾಳಿ ದಾಟಿ ಮಣಿಪಾಲಕ್ಕೆ ಮುರಕಲ್ಲಿನ ಏರು. ಕಾರ್ಕಳದಿಂದ ಬಜಗೋಳಿ, ಮಾಳ ಮೂಲಕ ಕುದುರೆಮುಖದ ಕಡೆಗೂ ಹೆಬ್ರಿ, ಸೋಮೇಶ್ವರದ ಮೂಲಕ ಆಗುಂಬೆಗೂ ಘಟ್ಟದ ದಾರಿ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬಿದ್ದರೆ ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿ.ಮೀ. ದಾಟುತ್ತದೆ. ತೋಟದ ಕಚ್ಚಾ ರಸ್ತೆ, ಕಲ್ಲುಕೋರೆಯ ದಾರಿ, ಮಳೆಗಾಲದ ಕೆಸರು ಇವುಗಳಿಗಾಗಿ ಕೊಂಡ ಜೀಪು, ಜಿಪ್ಸಿಗಳು ಮೂವತ್ತು ವರ್ಷ ದಾಟಿಯೂ ಓಡುತ್ತಿವೆ. ಅವುಗಳ ಪಕ್ಕದಲ್ಲಿ ಈಗ ಹತ್ತು, ಹದಿನೈದು ವರ್ಷ ಕಂಡ ಆಲ್ ವೀಲ್ ಡ್ರೈವ್ ಕಾರುಗಳೂ ಗ್ಯಾರೇಜಿನ ಸಾಲಿಗೆ ಬಂದು ನಿಂತಿವೆ.

ಮೊದಲು ಗಾಡಿಯ ಬಗೆ ತಿಳಿಯಬೇಕು

ಪರೀಕ್ಷೆಯ ಕ್ರಮ ನಿರ್ಧಾರವಾಗುವುದು ನಾಲ್ಕೂ ಚಕ್ರಕ್ಕೆ ಶಕ್ತಿ ಹೇಗೆ ಹಂಚಿಕೆಯಾಗುತ್ತದೆ ಎಂಬುದರ ಮೇಲೆ. ಭಾರತದ ಹಳೇ ಗಾಡಿಗಳಲ್ಲಿ ಮುಖ್ಯವಾಗಿ ಮೂರು ಬಗೆ ಕಾಣುತ್ತವೆ.

ಮೊದಲನೆಯದು ಬೇಕಾದಾಗ ಮಾತ್ರ ಲಿವರ್ ಹಾಕಿ ಬಳಸುವ ಪಾರ್ಟ್ ಟೈಮ್ ವ್ಯವಸ್ಥೆ. ವಿಲ್ಲೀಸ್ ಮಾದರಿಯ ಹಳೇ ಮಹೀಂದ್ರ ಜೀಪುಗಳು ಮತ್ತು 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ ಈ ಬಗೆಯವು. ಇವುಗಳಲ್ಲಿ ಸೆಂಟರ್ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದರೆ ಮುಂದಿನ, ಹಿಂದಿನ ಪ್ರೊಪೆಲರ್ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು.

ಎರಡನೆಯದು ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಕಳಿಸುವ ಫುಲ್ ಟೈಮ್ ವ್ಯವಸ್ಥೆ. 2009ರಲ್ಲಿ ಭಾರತಕ್ಕೆ ಬಂದ ಮೊದಲ ಪೀಳಿಗೆಯ ಟೊಯೋಟಾ ಫಾರ್ಚೂನರ್‌ನ ಫೋರ್ ವೀಲ್ ಮಾದರಿ ಇದಕ್ಕೆ ಉದಾಹರಣೆ. ಮುಂದು ಹಿಂದಿನ ವೇಗದ ಅಂತರವನ್ನು ಇಲ್ಲಿ ಸೆಂಟರ್ ಡಿಫರೆನ್ಷಿಯಲ್ ನುಂಗಿಕೊಳ್ಳುತ್ತದೆ.

ಮೂರನೆಯದು ಮುಂದಿನ ಚಕ್ರದಿಂದ ಓಡುತ್ತಾ, ಜಾರಿದಾಗ ಹಿಂದಿನ ಚಕ್ರಕ್ಕೂ ಶಕ್ತಿ ಕೊಡುವ ಆಲ್ ವೀಲ್ ಡ್ರೈವ್. 2014ರ ರೆನೋ ಡಸ್ಟರ್ ಆಲ್ ವೀಲ್ ಡ್ರೈವ್, ಹಳೇ ಹೋಂಡಾ ಸಿಆರ್‌-ವಿ, ಮಹೀಂದ್ರ ಎಕ್ಸ್‌ಯುವಿ 500ರ ಆಲ್ ವೀಲ್ ಮಾದರಿಗಳು ಈ ಗುಂಪಿನವು. ಡಸ್ಟರ್‌ನಲ್ಲಿ ಹಿಂದಿನ ಡಿಫರೆನ್ಷಿಯಲ್‌ನ ಮುಂದೆ ವಿದ್ಯುತ್ಕಾಂತದಿಂದ ಕೆಲಸ ಮಾಡುವ ಕಪ್ಲಿಂಗ್ ಇರುತ್ತದೆ. ಸಿಆರ್‌-ವಿಯಲ್ಲಿ ಆ ಕೆಲಸವನ್ನು ಎರಡು ಎಣ್ಣೆ ಪಂಪ್‌ಗಳು ಮಾಡುತ್ತವೆ.

ಸದ್ದಿಗೆ ಕೇಳಬೇಕಾದ ನಾಲ್ಕು ಪ್ರಶ್ನೆ

ಗ್ಯಾರೇಜಿಗೆ ಬರುವ ದೂರು ಸಾಮಾನ್ಯವಾಗಿ ‘ಎಂತದೋ ಗುಂಯ್ ಅಂತದೆ’ ಎಂಬಲ್ಲಿಗೆ ನಿಲ್ಲುತ್ತದೆ. ಅಷ್ಟರಿಂದ ರೋಗ ಸಿಗುವುದಿಲ್ಲ. ಸದ್ದು ಯಾವ ಸ್ಥಿತಿಯಲ್ಲಿ ಬರುತ್ತದೆ, ಯಾವುದರಲ್ಲಿ ನಿಲ್ಲುತ್ತದೆ ಎಂಬುದನ್ನು ನಾಲ್ಕು ಪ್ರಶ್ನೆಗಳಿಂದ ತಿಳಿಯಬೇಕು.

ಒಂದು: ಅದು ಎಂಜಿನ್ ವೇಗಕ್ಕೆ ತಕ್ಕಂತೆ ಬದಲಾಗುತ್ತದೆಯೋ, ಗಾಡಿಯ ವೇಗಕ್ಕೆ ತಕ್ಕಂತೆಯೋ? ಅದೇ ವೇಗದಲ್ಲಿ ನಾಲ್ಕನೇ ಗೇರಿನಿಂದ ಮೂರಕ್ಕೆ ಇಳಿಸಿದರೆ ಎಂಜಿನ್ ಮಾತ್ರ ಜೋರಾಗಿ ತಿರುಗುತ್ತದೆ. ಸದ್ದಿನ ಸ್ವರ ಏರಿದರೆ ಕಾರಣ ಎಂಜಿನ್, ಕ್ಲಚ್ ಅಥವಾ ಗೇರ್‌ಬಾಕ್ಸಿನ ಇನ್‌ಪುಟ್ ಭಾಗದಲ್ಲಿದೆ. ಸ್ವರ ಹಾಗೆಯೇ ಉಳಿದರೆ ಗೇರ್‌ಬಾಕ್ಸಿನ ಔಟ್‌ಪುಟ್‌ನಿಂದ ಆಚೆಗೆ ಹುಡುಕಬೇಕು.

ಎರಡು: ಎಳೆಯುವಾಗ ಬರುತ್ತದೆಯೋ, ಆಕ್ಸಿಲರೇಟರ್ ಬಿಟ್ಟಾಗಲೋ, ಎರಡರಲ್ಲೂ ಒಂದೇ ಥರವೋ? ಗೇರಿನ ಹಲ್ಲುಗಳಿಗೆ ಎಳೆತದ ಮುಖ ಒಂದು, ಬಿಟ್ಟಾಗಿನ ಮುಖ ಇನ್ನೊಂದು. ಹಲ್ಲಿನ ದೋಷವಿದ್ದರೆ ಸದ್ದು ಹೊರೆಗೆ ತಕ್ಕಂತೆ ಬದಲಾಗುತ್ತದೆ. ಚಕ್ರದ ಬೇರಿಂಗ್ ಮತ್ತು ಟಯರಿನ ಸದ್ದಿಗೆ ಹೊರೆಯ ಪರಿವೆ ಹೆಚ್ಚಿಲ್ಲ.

ಮೂರು: ಸ್ಟೀರಿಂಗ್ ತಿರುಗಿಸಿದಾಗ ಏನಾಗುತ್ತದೆ? ನಾಲ್ಕು: ನ್ಯೂಟ್ರಲ್‌ನಲ್ಲಿ ನಿಂತಾಗ ಕ್ಲಚ್ ಒತ್ತಿದರೆ ಏನಾಗುತ್ತದೆ? ಒತ್ತಿದಾಗ ಸದ್ದು ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗಲೇ ಸದ್ದು ಶುರುವಾದರೆ ಕ್ಲಚ್ ರಿಲೀಸ್ ಬೇರಿಂಗ್. ಈ ಎರಡನ್ನೂ ಹೀಗೆ ಆರಂಭದಲ್ಲೇ ಬೇರ್ಪಡಿಸಿದರೆ ಮುಂದಿನ ಪರೀಕ್ಷೆ ಹಗುರಾಗುತ್ತದೆ.

ರಸ್ತೆಯ ಮೇಲಿನ ಪರೀಕ್ಷೆ

ಉಡುಪಿ ಸುತ್ತಿನ ರಸ್ತೆಗಳು ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿವೆ. ಇಂದ್ರಾಳಿಯಿಂದ ಮಣಿಪಾಲಕ್ಕೆ ಏರುವಾಗ ಎಳೆತದ ಸದ್ದು, ಅದೇ ದಾರಿಯಲ್ಲಿ ಗೇರಿನಲ್ಲೇ ಇಳಿಯುವಾಗ ಬಿಟ್ಟಾಗಿನ ಸದ್ದು ಸಿಗುತ್ತದೆ. ಒಂದೇ ರಸ್ತೆ, ಒಂದೇ ಡಾಂಬರು ಆದ್ದರಿಂದ ಹೋಲಿಕೆ ನಂಬಲರ್ಹ. ಕಟಪಾಡಿಯಿಂದ ಕಾಪು, ಪಡುಬಿದ್ರಿವರೆಗಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದು ಗುಂಯ್‌ಗುಡುವ ಸದ್ದುಗಳನ್ನು ಕೇಳಬಹುದು. ಉದ್ಯಾವರದ ಸೇತುವೆಯಂಥ ಕಡೆ ಕಿಟಕಿ ಇಳಿಸಿದರೆ ಕಟ್ಟೆಗೋಡೆಗೆ ಬಡಿದ ಸದ್ದು ಮರಳಿ ಕಿವಿಗೆ ಬೀಳುತ್ತದೆ. ಸದ್ದು ಎಡಬದಿಯದೋ ಬಲಬದಿಯದೋ ಎಂಬುದು ಆಗ ಸ್ಪಷ್ಟವಾಗುತ್ತದೆ. ಡ್ರೈವ್ ಶಾಫ್ಟ್‌ಗಳ ತುದಿಯಲ್ಲಿರುವ ಸಿವಿ ಜಾಯಿಂಟ್‌ಗಳ ಪರೀಕ್ಷೆಗೆ ಖಾಲಿ ಮೈದಾನ ಸಾಕು. ಓಡಿಸುವವರು ಒಬ್ಬರು, ಕೇಳಿ ಬರೆದುಕೊಳ್ಳುವವರು ಇನ್ನೊಬ್ಬರು ಇರಬೇಕು. ವೇಗ, ಗೇರು, ಎಳೆತ, ತಿರುವು ಈ ನಾಲ್ಕು ಕಾಲಮಿನ ಒಂದು ಹಾಳೆ ಕೈಯಲ್ಲಿದ್ದರೆ ಊಹೆಗೆ ಜಾಗ ಕಡಿಮೆ.

ಪಾರ್ಟ್ ಟೈಮ್ ಗಾಡಿಯಲ್ಲಿ ಇನ್ನೊಂದು ಅನುಕೂಲವಿದೆ. ಮುಂದಿನ ಚಕ್ರದಲ್ಲಿ ಲಾಕಿಂಗ್ ಹಬ್ ಇರುವ ಜಿಪ್ಸಿಯಲ್ಲಿ ಹಬ್ ಬಿಡಿಸಿ ಟೂ ವೀಲ್‌ನಲ್ಲಿ ಓಡಿಸಿದರೆ ಮುಂದಿನ ಡಿಫರೆನ್ಷಿಯಲ್, ಮುಂದಿನ ಪ್ರೊಪೆಲರ್ ಶಾಫ್ಟ್ ಎರಡೂ ತಿರುಗುವುದಿಲ್ಲ. ಆಗಲೂ ಅದೇ ಸದ್ದು ಬಂದರೆ ಅವೆರಡೂ ನಿರ್ದೋಷಿ. ಹಬ್ ಲಾಕ್ ಮಾಡಿ ಟೂ ವೀಲ್‌ನಲ್ಲೇ ಓಡಿಸಿದರೆ ಮುಂದಿನ ಆಕ್ಸಲ್ ಹೊರೆಯಿಲ್ಲದೆ ತಿರುಗುತ್ತದೆ. ಈಗ ಸದ್ದು ಬಂದರೆ ಬೇರಿಂಗ್ ಅಥವಾ ಕ್ರಾಸ್ ಕಡೆಗೆ ನೋಡಬೇಕು. ಕಚ್ಚಾ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಎಳೆದಾಗ ಮಾತ್ರ ಬಂದರೆ ಹಲ್ಲುಗಳ ಕಡೆಗೆ. ಸ್ಪಾನರ್ ಮುಟ್ಟದೆ ಅರ್ಧ ಗಾಡಿ ಪರೀಕ್ಷೆಯಾದಂತೆ ಇದು.

ಡಸ್ಟರ್‌ನಂಥ ಕಾರಿನಲ್ಲಿ ಗುಂಡಿ ತಿರುಗಿಸಿ ಟೂ ವೀಲ್‌ಗೆ ತಂದರೂ ಪ್ರೊಪೆಲರ್ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಹಿಂದಿನ ಡಿಫರೆನ್ಷಿಯಲ್ಲನ್ನು ಚಕ್ರಗಳೇ ತಿರುಗಿಸುತ್ತವೆ. ಹೊರೆ ಮಾತ್ರ ಇಲ್ಲವಾಗುತ್ತದೆ. ಆದ್ದರಿಂದ ಟೂ ವೀಲ್‌ನಲ್ಲೂ ಸದ್ದು ಉಳಿದರೆ ಹಿಂಬದಿ ನಿರ್ದೋಷಿ ಎಂದು ತೀರ್ಮಾನಿಸುವಂತಿಲ್ಲ. ಫುಲ್ ಟೈಮ್ ಗಾಡಿಯ ಒಂದು ಪ್ರೊಪೆಲರ್ ಶಾಫ್ಟ್ ಬಿಚ್ಚಿ ಓಡಿಸುವುದಾದರೆ ಸೆಂಟರ್ ಡಿಫರೆನ್ಷಿಯಲ್ ಲಾಕ್ ಮಾಡಲೇಬೇಕು. ಇಲ್ಲದಿದ್ದರೆ ಶಕ್ತಿಯೆಲ್ಲ ಬಿಚ್ಚಿದ ಕಡೆಗೇ ಹರಿದು ಗಾಡಿ ಕದಲುವುದಿಲ್ಲ.

ಲೆಕ್ಕ ಕೊಡುವ ಸುಳಿವು

ಸದ್ದಿನ ಸ್ವರವೇ ಅದರ ಮೂಲವನ್ನು ತೋರಿಸಬಲ್ಲದು. 215/65 ಆರ್16 ಅಳತೆಯ ಟಯರಿನ ಸುತ್ತಳತೆ ಸುಮಾರು 2.15 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಎಂಟು ಸುತ್ತಿಗೆ ತುಸು ಕಡಿಮೆ ತಿರುಗುತ್ತದೆ. ಡಿಫರೆನ್ಷಿಯಲ್‌ನ ಕ್ರೌನ್ ಗೇರಿಗೆ 40, ಪಿನಿಯನ್‌ಗೆ 10 ಹಲ್ಲು ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ಪ್ರೊಪೆಲರ್ ಶಾಫ್ಟ್ ಸೆಕೆಂಡಿಗೆ ಸುಮಾರು 31 ಸುತ್ತು ತಿರುಗುತ್ತದೆ. ಕ್ರಾಸ್‌ನ ದೋಷ ಒಂದು ಸುತ್ತಿಗೆ ಎರಡು ಬಾರಿ ಮಿಡಿಯುವುದರಿಂದ ಅದರ ಕಂಪನ ಸೆಕೆಂಡಿಗೆ 62ರ ಆಸುಪಾಸು. ಕ್ರೌನ್ ಪಿನಿಯನ್ ಹಲ್ಲುಗಳು ಸೆಕೆಂಡಿಗೆ 310 ಬಾರಿ ಕೂಡುತ್ತವೆ.

ಚಕ್ರದ ಅಸಮತೋಲ ಕೈಗೆ, ಸೀಟಿಗೆ ತಿಳಿಯುವ ನಿಧಾನ ಅದುರು. ಪ್ರೊಪೆಲರ್ ಶಾಫ್ಟಿನದು ನೆಲದಿಂದ ಪಾದಕ್ಕೆ ಬರುವ ಗುಡುಗು. ಹಲ್ಲುಗಳದ್ದು ಕಿವಿಗೆ ನೇರ ಕೇಳುವ ಸ್ವರ. ಮೊಬೈಲಿನಲ್ಲಿ ಸದ್ದಿನ ಆವರ್ತನ ತೋರಿಸುವ ಉಚಿತ ಆ್ಯಪ್‌ಗಳು ಸಿಗುತ್ತವೆ. ಗಾಡಿಯ ಗೇರ್ ಅನುಪಾತವನ್ನು ಕೈಪಿಡಿಯಿಂದ ತೆಗೆದು ಈ ಲೆಕ್ಕ ಹಾಕಿಟ್ಟುಕೊಂಡರೆ, ಪರದೆಯ ಮೇಲೆ ಎದ್ದು ಕಾಣುವ ಗೆರೆ ಯಾವ ಶಾಫ್ಟಿನದು ಎಂದು ಗುರುತಿಸಬಹುದು. ಆ್ಯಪ್ ನೋಡುವ ಕೆಲಸ ಪಕ್ಕದ ಸೀಟಿನವರದ್ದು.

ಟಯರು ಮೊದಲು, ಅಗ್ಗದ ಕಾರಣ ಮೊದಲು

ಬೇರಿಂಗ್ ಹೋಗಿದೆ ಎಂದು ಬಂದ ಗಾಡಿಯಲ್ಲಿ ಟಯರೇ ಅಪರಾಧಿಯಾಗಿರುವುದು ಸಾಮಾನ್ಯ. ಅಲೈನ್‌ಮೆಂಟ್ ತಪ್ಪಿದ ಚಕ್ರದ ಟಯರು ಗರಗಸದಂತೆ ಮೆಟ್ಟಿಲು ಮೆಟ್ಟಿಲಾಗಿ ಸವೆದು, ಬೇರಿಂಗ್‌ನಂತೆಯೇ ಗುಂಯ್‌ಗುಡುತ್ತದೆ. ಅಂಗೈಯನ್ನು ಟ್ರೆಡ್ ಮೇಲೆ ಎರಡೂ ದಿಕ್ಕಿಗೆ ಸವರಿದರೆ ಏಣು ಸಿಗುತ್ತದೆ. ಕಾಂಕ್ರೀಟು ರಸ್ತೆಯಲ್ಲೂ ಡಾಂಬರು ರಸ್ತೆಯಲ್ಲೂ ಸದ್ದು ಬೇರೆ ಬೇರೆಯಾಗಿ ಕೇಳಿದರೆ ಟಯರಿನದು. ಮುಂದಿನ ಟಯರುಗಳನ್ನು ಹಿಂದಕ್ಕೆ ಹಾಕಿ ನೋಡಿದಾಗ ಸದ್ದೂ ಹಿಂದಕ್ಕೆ ಹೋದರೆ ಪತ್ತೆ ಪಕ್ಕಾ.

ಫೋರ್ ವೀಲ್ ಗಾಡಿಯಲ್ಲಿ ಟಯರಿನ ತಪ್ಪು ಸದ್ದಿಗಷ್ಟೇ ನಿಲ್ಲುವುದಿಲ್ಲ. 8 ಮಿ.ಮೀ. ಟ್ರೆಡ್ ಇರುವ ಎರಡು ಹೊಸ ಟಯರುಗಳನ್ನು ಒಂದು ಆಕ್ಸಲ್‌ಗೆ ಹಾಕಿ, 3 ಮಿ.ಮೀ. ಉಳಿದಿರುವ ಹಳೆಯವನ್ನು ಇನ್ನೊಂದಕ್ಕೆ ಬಿಟ್ಟರೆ ಸುತ್ತಳತೆಯಲ್ಲಿ ಮೂರು ಸೆಂ.ಮೀ. ಅಂತರ ಬೀಳುತ್ತದೆ. ಹಳೇ ಟಯರು ಪ್ರತಿ ಕಿ.ಮೀ.ಗೆ ಸುಮಾರು ಏಳು ಸುತ್ತು ಹೆಚ್ಚು ತಿರುಗಬೇಕು. ಕಾರ್ಕಳದಿಂದ ಉಡುಪಿ ತಲಪುವಷ್ಟರಲ್ಲಿ ಇನ್ನೂರಕ್ಕೂ ಹೆಚ್ಚು ಸುತ್ತಿನ ವ್ಯತ್ಯಾಸ. ಆಲ್ ವೀಲ್ ಕಾರಿನಲ್ಲಿ ಕಪ್ಲಿಂಗ್‌ನ ಕ್ಲಚ್ ತಟ್ಟೆಗಳು ಈ ವ್ಯತ್ಯಾಸವನ್ನು ಬಿಸಿಯಾಗಿ ಸವೆದು ತೀರಿಸುತ್ತವೆ. ನಾಲ್ಕೂ ಟಯರು ಒಂದೇ ಕಂಪನಿ, ಒಂದೇ ಅಳತೆ, ಒಂದೇ ಮಟ್ಟದ ಸವೆತದ್ದಾಗಿರಬೇಕು ಎಂಬ ನಿಯಮದ ಹಿಂದಿನ ಕಾರಣ ಇದೇ.

ಬ್ರೇಕ್ ಡಿಸ್ಕಿಗೂ ಅದರ ತಗಡಿನ ಮರೆಗೂ ನಡುವೆ ಸಿಕ್ಕ ಸಣ್ಣ ಜಲ್ಲಿ, ಸಡಿಲಾದ ಸೈಲೆನ್ಸರ್ ರಬ್ಬರು, ತುಕ್ಕು ಹಿಡಿದು ಅಲುಗುವ ಹೀಟ್ ಶೀಲ್ಡ್ ಇವನ್ನೂ ಮೊದಲೇ ನೋಡಿ ಮುಗಿಸಬೇಕು. ಕಚ್ಚಾ ರಸ್ತೆಯಲ್ಲಿ ಓಡಿದ ಗಾಡಿಯ ‘ಭಾರೀ ಗೇರ್ ಸದ್ದು’ ಒಂದು ಕಲ್ಲು ಉದುರಿದಾಕ್ಷಣ ನಿಂತದ್ದುಂಟು.

ಚಕ್ರದ ಬೇರಿಂಗ್ ಮತ್ತು ಸಿವಿ ಜಾಯಿಂಟ್

ಚಕ್ರದ ಬೇರಿಂಗ್ ಸವೆದಾಗ ಸುಮಾರು 40, 50 ಕಿ.ಮೀ. ವೇಗದಿಂದ ಗುಂಯ್ ಸದ್ದು ಏಳುತ್ತದೆ, ವೇಗ ಹೆಚ್ಚಿದಂತೆ ಏರುತ್ತದೆ, ನ್ಯೂಟ್ರಲ್‌ಗೆ ಹಾಕಿದರೂ ಹಾಗೆಯೇ ಇರುತ್ತದೆ. ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರಗಳ ಮೇಲೆ ಬೀಳುವುದರಿಂದ ಆಗ ಸದ್ದು ಹೆಚ್ಚಿದರೆ ಬಲಗಡೆಯ ಬೇರಿಂಗ್, ಬಲಕ್ಕೆ ತಿರುಗಿದಾಗ ಹೆಚ್ಚಿದರೆ ಎಡಗಡೆಯದು ಎಂದು ಮೊದಲ ಅಂದಾಜು.

ಅಂದಾಜನ್ನು ಗ್ಯಾರೇಜಿನಲ್ಲಿ ದೃಢಪಡಿಸಬೇಕು. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಇದೆಯೇ ನೋಡುವುದು ಒಂದು ವಿಧಾನ. ಆಟವಿಲ್ಲದೆಯೂ ಬೇರಿಂಗ್ ಕೆಟ್ಟಿರಬಹುದು. ಸ್ಪ್ರಿಂಗ್ ಮೇಲೆ ಒಂದು ಕೈ ಇಟ್ಟು ಇನ್ನೊಂದು ಕೈಯಿಂದ ಚಕ್ರ ತಿರುಗಿಸಿದರೆ ಒಳಗಿನ ಒರಟುತನ ಸ್ಪ್ರಿಂಗ್ ಮೂಲಕ ಬೆರಳಿಗೆ ತಿಳಿಯುತ್ತದೆ. ಇಪ್ಪತ್ತು ಕಿ.ಮೀ. ಓಡಿಸಿ ಬಂದು ನಾಲ್ಕೂ ಹಬ್‌ಗಳ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಅಳೆದರೆ ಕೆಟ್ಟ ಬೇರಿಂಗ್ ಅಥವಾ ಹಿಡಿದುಕೊಂಡ ಬ್ರೇಕ್ ಬೇರೆಯಾಗಿ ಕಾಣುತ್ತದೆ.

ಆಲ್ ವೀಲ್ ಕಾರನ್ನು ಎರಡೇ ಚಕ್ರ ಎತ್ತಿ ಎಂಜಿನ್ ಹಾಕಿ ಓಡಿಸಬಾರದು. ನೆಲದಲ್ಲಿರುವ ಚಕ್ರಗಳು ಎಳೆದು ಗಾಡಿ ಜಾಕ್‌ನಿಂದ ಹಾರಬಹುದು. ನಾಲ್ಕೂ ಚಕ್ರ ಲಿಫ್ಟ್ ಮೇಲಿರಬೇಕು. ಹಾಗೆ ಎತ್ತಿದಾಗ ಸಸ್ಪೆನ್ಷನ್ ಜೋತುಬಿದ್ದು ಸಿವಿ ಜಾಯಿಂಟ್‌ಗಳ ಕೋನ ಹೆಚ್ಚುವುದರಿಂದ ನೆಲದ ಮೇಲಿಲ್ಲದ ಸದ್ದು ಹೊಸದಾಗಿ ಕೇಳಬಹುದು. ಅದನ್ನು ದೋಷವೆಂದು ಎಣಿಸಬಾರದು.

ಸಿವಿ ಜಾಯಿಂಟ್‌ನ ಗುರುತು ಸುಲಭ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಎಳೆದಾಗ ಕಟಕಟ ಎಂದರೆ ಹೊರಗಿನ ಜಾಯಿಂಟ್. ನೇರ ರಸ್ತೆಯಲ್ಲಿ ಜೋರು ಎಳೆದಾಗ ಮಾತ್ರ ಗಾಡಿ ಅದುರಿದರೆ ಒಳಗಿನದು. ಕಾರಣ ಹೆಚ್ಚಾಗಿ ಹರಿದ ರಬ್ಬರ್ ಬೂಟ್. ಹರಿದ ಕೂಡಲೇ ಕಂಡು, ತೊಳೆದು, ಹೊಸ ಗ್ರೀಸ್ ಹಾಕಿ ಬೂಟ್ ಬದಲಿಸಿದರೆ ಜಾಯಿಂಟ್ ಉಳಿಯುತ್ತದೆ. ಕಟಕಟ ಶುರುವಾದ ಮೇಲೆ ಬೂಟ್ ಹಾಕಿ ಪ್ರಯೋಜನವಿಲ್ಲ.

ಬೇರಿಂಗ್ ಬದಲಿಸುವಾಗ ಪ್ರೆಸ್ ಬಳಸುವ ರೀತಿಯೇ ಅದರ ಆಯುಸ್ಸನ್ನು ನಿರ್ಧರಿಸುತ್ತದೆ. ಹೌಸಿಂಗ್‌ಗೆ ಕೂರಿಸುವಾಗ ಹೊರಗಿನ ರೇಸ್ ಮೇಲೆ, ಹಬ್ ಕೂರಿಸುವಾಗ ಒಳಗಿನ ರೇಸ್ ಮೇಲೆ ಮಾತ್ರ ಒತ್ತಡ ಬೀಳಬೇಕು. ಗುಂಡುಗಳ ಮೂಲಕ ಒತ್ತಡ ಹೋದರೆ ರೇಸಿನ ಮೇಲೆ ಕುಳಿ ಬಿದ್ದು ಹೊಸ ಬೇರಿಂಗ್ ಕೆಲವೇ ದಿನಗಳಲ್ಲಿ ಹಾಡತೊಡಗುತ್ತದೆ. ಎಬಿಎಸ್ ಇರುವ ಕಾರಿನಲ್ಲಿ ಬೇರಿಂಗ್‌ನ ಕಾಂತೀಯ ಉಂಗುರ ಸೆನ್ಸರ್ ಕಡೆಗಿರಬೇಕು. ಹಳೇ ಜೀಪುಗಳ ಮುಂದಿನ ಹಬ್‌ನಲ್ಲಿರುವುದು ಟೇಪರ್ ರೋಲರ್. ಅಲ್ಲಿ ಬದಲಿಸುವ ಮೊದಲು ಸ್ವಚ್ಛ ಮಾಡಿ, ಗ್ರೀಸ್ ತುಂಬಿ, ನಟ್ ಸರಿಹೊಂದಿಸಿದರೇ ಕೆಲಸ ಮುಗಿಯುವುದುಂಟು.

ಪ್ರೊಪೆಲರ್ ಶಾಫ್ಟ್

ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಅಥವಾ ರಿವರ್ಸಿನಿಂದ ಮುಂದಕ್ಕೆ ಬಂದಾಗ ‘ಟಕ್’ ಎಂಬ ಹೊಡೆತ ಕೇಳಿದರೆ ಸರಣಿಯಲ್ಲಿ ಎಲ್ಲೋ ಆಟ ಹೆಚ್ಚಿದೆ. ಚಕ್ರಗಳಿಗೆ ಅಡ್ಡ ಕೊಟ್ಟು, ಗಾಡಿಯಡಿ ಮಲಗಿ ಶಾಫ್ಟನ್ನು ಕೈಯಿಂದ ಆಚೀಚೆ ತಿರುಗಿಸಿ, ಪ್ರತಿ ಕ್ರಾಸನ್ನೂ ಬೇರೆ ಬೇರೆಯಾಗಿ ನೋಡಬೇಕು. ಕ್ರಾಸ್‌ನ ಕಪ್ ಸುತ್ತ ಕೆಂಪು ಧೂಳು ಕಂಡರೆ ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ತುಕ್ಕು ಹಿಡಿದಿದೆ ಎಂದರ್ಥ. ನಿಧಾನ ವೇಗದಲ್ಲಿ ಕಿಚ್ ಕಿಚ್ ಎಂಬ ಸದ್ದು ಅದರ ಮುನ್ಸೂಚನೆ. ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೆ ಇದು ಹೆಚ್ಚು. ಗ್ರೀಸ್ ನಿಪ್ಪಲ್ ಇರುವ ಹಳೇ ಗಾಡಿಗಳಿಗೆ ಮಳೆಗಾಲದ ಮೊದಲೂ ಆಮೇಲೂ ಗ್ರೀಸ್ ಹೊಡೆದರೆ ಕ್ರಾಸ್ ವರ್ಷಗಟ್ಟಲೆ ಬಾಳುತ್ತದೆ.

ಜಿಪ್ಸಿಯಲ್ಲಿ ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಅದರ ಕ್ರಾಸ್‌ಗಳು ಕಣ್ಣಿಗೆ ಬೀಳದೆ ತಪ್ಪಿಹೋಗುತ್ತವೆ. ಟ್ರಾನ್ಸ್‌ಫರ್ ಕೇಸನ್ನು ಹಿಡಿದಿರುವ ರಬ್ಬರ್ ಮೌಂಟ್‌ಗಳು ಹರಿದರೂ ಅದೇ ಥರದ ಹೊಡೆತ ಕೇಳುತ್ತದೆ. ಎರಡು ತುಂಡಿನ ಶಾಫ್ಟ್ ಇರುವ ಕಾರುಗಳಲ್ಲಿ ಸೆಂಟರ್ ಬೇರಿಂಗ್‌ನ ರಬ್ಬರ್ ಹರಿದಾಗ ಹೊರಡುವ ಹೊತ್ತಿಗೆ ನೆಲ ಗುಡುಗುಡು ಅದುರುತ್ತದೆ.

ಶಾಫ್ಟ್ ಬಿಚ್ಚುವ ಮೊದಲು ಫ್ಲೇಂಜ್‌ಗಳ ಮೇಲೂ ಎರಡು ತುಂಡು ಕೂಡುವಲ್ಲೂ ಬಣ್ಣದ ಗುರುತು ಹಾಕಬೇಕು. ಎರಡೂ ತುದಿಯ ಯೋಕ್‌ಗಳು ಒಂದೇ ನೇರಕ್ಕೆ ಇಲ್ಲದಿದ್ದರೆ ಹೊಸ ಕ್ರಾಸ್ ಹಾಕಿದ ಮೇಲೂ ಅದುರು ನಿಲ್ಲುವುದಿಲ್ಲ. ಶಾಫ್ಟ್‌ಗೆ ವೆಲ್ಡಿಂಗ್ ಮಾಡಿಸಿದರೆ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿಸದೆ ಗಾಡಿಗೆ ಕೂರಿಸಬಾರದು.

ಟ್ರಾನ್ಸ್‌ಫರ್ ಕೇಸ್, ಹಬ್, ಕಪ್ಲಿಂಗ್

ವಿಲ್ಲೀಸ್ ಮಾದರಿಯ ಟ್ರಾನ್ಸ್‌ಫರ್ ಕೇಸಿನಲ್ಲಿ ಟೂ ವೀಲ್‌ನಲ್ಲಿದ್ದರೂ ಶಕ್ತಿ ನಡುವಿನ ಗೇರಿನ ಮೂಲಕವೇ ಹಾದುಹೋಗುತ್ತದೆ. ಆದ್ದರಿಂದ ಒಂದು ಮಟ್ಟದ ಗೇರಿನ ಸ್ವರ ಅದರ ಹುಟ್ಟುಗುಣ. ಸ್ವರದ ಜೊತೆ ಗೊರಗೊರ ಸೇರಿದರೆ, ಲಿವರ್ ತಾನಾಗಿ ಹಾರಿದರೆ, ನಡುವಿನ ಶಾಫ್ಟ್ ಮತ್ತು ಅದರ ಸೂಜಿ ರೋಲರ್‌ಗಳು ಸವೆದಿವೆ ಎಂದು ತಿಳಿಯಬೇಕು.

ಪಾರ್ಟ್ ಟೈಮ್ ಗಾಡಿಯಲ್ಲಿ ಫೋರ್ ವೀಲ್ ಹಾಕಿಕೊಂಡೇ ಒಣ ಡಾಂಬರಿನಲ್ಲಿ ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳನ್ನು ಹತ್ತಿದರೆ ಹೊಸ ಸದ್ದುಗಳು ಹುಟ್ಟುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಆ ಅಂತರ ಹೊರಹೋಗಲು ದಾರಿಯಿಲ್ಲದೆ ಶಾಫ್ಟ್‌ಗಳಲ್ಲಿ ಬಿಗಿತವಾಗಿ ಕೂರುತ್ತದೆ. ಟಯರು ಕಿರುಚುತ್ತದೆ, ಅಡಿಯಿಂದ ಧಡ್ ಎಂಬ ಹೊಡೆತ ಬರುತ್ತದೆ, ಲಿವರ್ ಹೊರಬರುವುದಿಲ್ಲ. ಇದು ರಿಪೇರಿಯ ವಿಷಯವಲ್ಲ, ಬಳಕೆಯ ತಪ್ಪು. ಜಾಗ ನೋಡಿಕೊಂಡು ಸ್ವಲ್ಪ ದೂರ ನೇರವಾಗಿ ರಿವರ್ಸ್ ತೆಗೆದರೆ ಬಿಗಿತ ಬಿಟ್ಟು ಲಿವರ್ ಸಡಿಲಾಗುತ್ತದೆ. ಹಳೇ ಜೀಪಿಗೆ ಬೇರೆ ಗಾಡಿಯ ಆಕ್ಸಲ್ ಕೂರಿಸಿದ್ದರೆ, ಮುಂದಿನ ಹಿಂದಿನ ಕ್ರೌನ್ ಪಿನಿಯನ್ ಅನುಪಾತ ಒಂದೇ ಇದೆಯೇ ಎಂದು ಹಲ್ಲು ಎಣಿಸಿ ನೋಡಬೇಕು. ಅನುಪಾತ ಬೇರೆಯಿದ್ದರೆ ನೇರ ರಸ್ತೆಯಲ್ಲೂ ಇದೇ ಬಿಗಿತ.

ಲಾಕಿಂಗ್ ಹಬ್‌ನ ಒಳಗೆ ನೀರು ಸೇರಿ ತುಕ್ಕು ಹಿಡಿದಾಗ ಹಲ್ಲು ಅರ್ಧ ಮಾತ್ರ ಕೂಡಿ ಕರ್ರ್ ಎನ್ನುತ್ತದೆ. ಬಿಚ್ಚಿ, ತೊಳೆದು, ತೆಳು ಗ್ರೀಸ್ ಹಚ್ಚಿ, ಗ್ಯಾಸ್ಕೆಟ್ ಬದಲಿಸುವುದು ಅರ್ಧ ದಿನದ ಕೆಲಸ.

ಆಲ್ ವೀಲ್ ಕಾರಿನ ಕಪ್ಲಿಂಗ್ ಸದ್ದಿಗೆ ಸಿಆರ್‌-ವಿಯ ಹಿಂದಿನ ಡಿಫರೆನ್ಷಿಯಲ್ ಹೆಸರಾಂತ ಉದಾಹರಣೆ. ಅದರಲ್ಲಿ ಒಂದು ಪಂಪನ್ನು ಪ್ರೊಪೆಲರ್ ಶಾಫ್ಟ್, ಇನ್ನೊಂದನ್ನು ಹಿಂದಿನ ಚಕ್ರಗಳ ಕಡೆಯ ಭಾಗ ತಿರುಗಿಸುತ್ತದೆ. ಎರಡರ ವೇಗದಲ್ಲಿ ಅಂತರ ಬಿದ್ದಾಗ ಎಣ್ಣೆಯ ಒತ್ತಡವೇರಿ ಕ್ಲಚ್ ಕೂಡುತ್ತದೆ. ಎಣ್ಣೆ ಹಳತಾದರೆ ಪಾರ್ಕಿಂಗ್ ಜಾಗದಲ್ಲಿ ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಕ್ಲಚ್ ತಟ್ಟೆಗಳು ಹಿಡಿದು ಬಿಟ್ಟು ಮಾಡುತ್ತಾ, ಹಿಂದಿನಿಂದ ನರಳುವ ಸದ್ದು ಬರುತ್ತದೆ. ಮದ್ದು ಕಂಪನಿ ಹೇಳಿದ ಡ್ಯುಯಲ್ ಪಂಪ್ ಎಣ್ಣೆ, ಸುಮಾರು ಒಂದು ಲೀಟರ್. ಸಾಮಾನ್ಯ ಗೇರ್ ಎಣ್ಣೆ ಹಾಕಿದರೆ ಕಪ್ಲಿಂಗ್ ಹಾಳು. ಬೇರೆ ಕಾರುಗಳಲ್ಲೂ ಕಪ್ಲಿಂಗ್‌ಗೆ ಅದರದೇ ಎಣ್ಣೆ ಇದೆಯೇ ಎಂದು ಕೈಪಿಡಿ ನೋಡಿಯೇ ಮುಂದುವರಿಯಬೇಕು. ಇಂಥ ಕಾರು ದಾರಿಯಲ್ಲಿ ನಿಂತರೆ ಎರಡು ಚಕ್ರ ನೆಲದಲ್ಲಿಟ್ಟು ಎಳೆಸದೆ, ಪೂರ್ತಿ ಲಾರಿಯ ಮೇಲೆ ಹೊತ್ತು ತರಿಸುವುದು ಕಪ್ಲಿಂಗ್‌ಗೆ ಕ್ಷೇಮ.

ಡಿಫರೆನ್ಷಿಯಲ್

ಒಂದು ನಿರ್ದಿಷ್ಟ ವೇಗದ ವ್ಯಾಪ್ತಿಯಲ್ಲಿ, ಎಳೆಯುವಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಕೇಳುವ ತೆಳ್ಳನೆಯ ಹಾಡು ಕ್ರೌನ್ ಪಿನಿಯನ್ ಹಲ್ಲುಗಳದ್ದು. ಹೊರೆ ಬದಲಾದರೂ ಬಿಡದ ಒರಟು ಗೊರಗೊರ ಬೇರಿಂಗ್‌ನದು. ಮೇಲಿನ ಲೆಕ್ಕದಂತೆ ಪಿನಿಯನ್ ಬೇರಿಂಗ್ ಚಕ್ರಕ್ಕಿಂತ ನಾಲ್ಕು ಪಟ್ಟು ವೇಗದಲ್ಲಿ ತಿರುಗುವುದರಿಂದ ಅದರ ಸ್ವರ ಚಕ್ರದ ಬೇರಿಂಗ್‌ಗಿಂತ ಎತ್ತರ. ತಿರುವಿನಲ್ಲಿ ಮಾತ್ರ ಬರುವ ಸದ್ದು ಒಳಗಿನ ಸಣ್ಣ ಗೇರುಗಳದ್ದು.

ಬಿಚ್ಚುವ ಮೊದಲು ಎಣ್ಣೆ ನೋಡಬೇಕು. ಡ್ರೈನ್ ಬೋಲ್ಟ್‌ನ ಆಯಸ್ಕಾಂತದ ಮೇಲೆ ಬೂದುಬಣ್ಣದ ನುಣ್ಣನೆಯ ಲೇಪ ಇದ್ದರೆ ಸಹಜ ಸವೆತ. ಚಕ್ಕೆ, ಚೂರು ಸಿಕ್ಕರೆ ಬಿಚ್ಚಲೇಬೇಕು.

ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಜೊತೆಯಾಗಿ ಉಜ್ಜಿ ಹೊಂದಿಸಿದ ಜೋಡಿ. ಒಂದನ್ನು ಮಾತ್ರ ಬದಲಿಸುವಂತಿಲ್ಲ. ಕೂರಿಸುವಾಗ ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಆಟ ಅಳೆಯಬೇಕು. ಸಣ್ಣ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಮುದ್ರೆ ಹಲ್ಲಿನ ನಡುಭಾಗದಲ್ಲಿ ಬೀಳುವವರೆಗೆ ಶಿಮ್ ಬದಲಿಸಬೇಕು. ಈ ಎರಡು ಅಳತೆ ಇಲ್ಲದೆ ಕಿವಿಯ ಅಂದಾಜಿನಲ್ಲಿ ಕೂರಿಸಿದ ಹೊಸ ಜೋಡಿ ಹಳತಿಗಿಂತ ಜೋರಾಗಿ ಕೂಗುತ್ತದೆ.

ಪಿನಿಯನ್ ಎಣ್ಣೆ ಸೀಲ್ ಬದಲಿಸಿದ ಮೇಲೆ ಸದ್ದು ಶುರುವಾಯಿತು ಎಂಬ ದೂರಿಗೂ ಕಾರಣವಿದೆ. ಹಲವು ಗಾಡಿಗಳಲ್ಲಿ ಪಿನಿಯನ್ ನಟ್‌ನ ಹಿಂದೆ ಒತ್ತಿದಾಗ ಕುಗ್ಗುವ ಸ್ಲೀವ್ ಒಂದು ಇದ್ದು, ಬೇರಿಂಗ್‌ನ ಬಿಗಿತ ಅದರ ಮೇಲೆ ನಿಂತಿರುತ್ತದೆ. ನಟ್ಟನ್ನು ಇಂಪ್ಯಾಕ್ಟ್ ಗನ್ ಹಿಡಿದು ಬಿಗಿದರೆ ಸ್ಲೀವ್ ಹೆಚ್ಚು ಕುಗ್ಗಿ, ಬೇರಿಂಗ್ ಬಿಗಿದು, ಬಿಸಿಯಾಗಿ ಕೆಡುತ್ತದೆ. ಬಿಚ್ಚುವ ಮೊದಲು ಶಾಫ್ಟ್ ತಿರುಗಿಸಲು ಬೇಕಾಗುವ ಬಲ ಅಳೆದು, ನಟ್‌ನ ಸ್ಥಾನಕ್ಕೆ ಗುರುತು ಹಾಕುವುದು ಸರಿಯಾದ ಕ್ರಮ. ಒಮ್ಮೆ ಹೆಚ್ಚು ಕುಗ್ಗಿದ ಸ್ಲೀವನ್ನು ಎಸೆದು ಹೊಸದು ಹಾಕಬೇಕು.

ನೀರು, ಉಪ್ಪು, ಎಣ್ಣೆ

ಕರಾವಳಿಯಲ್ಲಿ ಮೇಲಿನ ದೋಷಗಳಲ್ಲಿ ಹೆಚ್ಚಿನವಕ್ಕೆ ಬೇರು ನೀರು. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲು ಮೇಲೆ ಇರುವ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಆ ಸೆಳೆತಕ್ಕೆ ಸೀಲಿನ ಅಂಚಿನಿಂದ ನೀರು ಒಳಗೆ ಹೋಗುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. 2020ರ ಸೆಪ್ಟೆಂಬರಿನಲ್ಲಿ ಉಡುಪಿಯ ತಗ್ಗು ಪ್ರದೇಶಗಳಿಗೆ ನೆರೆ ನುಗ್ಗಿತ್ತು. ಅಂಥ ನೆರೆಯಲ್ಲಿ ಹಬ್ ಮುಳುಗುವಷ್ಟು ನಿಂತ ಗಾಡಿಗೆ ಎಂಜಿನ್ ಎಣ್ಣೆ ಮಾತ್ರ ಬದಲಿಸಿ ಕಳಿಸಿದರೆ, ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್ ಮತ್ತು ಹಬ್‌ಗಳ ಬೇರಿಂಗ್ ತಿಂಗಳುಗಳ ನಂತರ ಒಂದೊಂದಾಗಿ ಸದ್ದು ಮಾಡತೊಡಗುತ್ತವೆ.

ಉಪ್ಪಿನ ಕೆಲಸ ನಿಧಾನ. ಕಾಪು, ಮಲ್ಪೆ ಕಡಲತಡಿಯಲ್ಲಿ ನಿಲ್ಲುವ ಗಾಡಿಯ ಬ್ರೀದರ್, ಎಬಿಎಸ್ ಸೆನ್ಸರ್, ಡ್ರೈನ್ ಬೋಲ್ಟ್ ಮೊದಲು ತುಕ್ಕು ಹಿಡಿಯುತ್ತವೆ. ಸೆನ್ಸರ್ ತಪ್ಪು ಸಂದೇಶ ಕಳಿಸಿದರೆ ಹಲವು ಆಲ್ ವೀಲ್ ಕಾರುಗಳಲ್ಲಿ ಕಪ್ಲಿಂಗ್ ಕೆಲಸ ನಿಲ್ಲಿಸುತ್ತದೆ. ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ಆಗಾಗ ತೊಳೆಯುವುದಕ್ಕಿಂತ ಅಗ್ಗದ ಮದ್ದಿಲ್ಲ. ಪ್ರೆಶರ್ ನೀರನ್ನು ಮಾತ್ರ ಸೀಲಿಗೆ, ಬೂಟಿಗೆ ನೇರ ಹೊಡೆಯಬಾರದು.

ಎಣ್ಣೆ ಬದಲಿಸುವಾಗ ತುಂಬುವ ಬೋಲ್ಟನ್ನು ಮೊದಲು ಬಿಚ್ಚಬೇಕು. ತುಕ್ಕಿನಿಂದ ಅದು ಹಿಡಿದುಕೊಂಡಿದ್ದು, ಹಳೇ ಎಣ್ಣೆ ಆಗಲೇ ಸುರಿದುಹೋಗಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಹೈಪಾಯ್ಡ್ ಕ್ರೌನ್ ಪಿನಿಯನ್‌ಗೆ ಜಿಎಲ್‌-5 ದರ್ಜೆಯ ಎಣ್ಣೆ ಬೇಕು. ಹಿತ್ತಾಳೆ ಸಿಂಕ್ರೊ ರಿಂಗ್ ಇರುವ ಹಳೇ ಗೇರ್‌ಬಾಕ್ಸಿಗೆ ಜಿಎಲ್‌-4 ಎಂದಿದ್ದರೆ ಅದನ್ನೇ ಹಾಕಬೇಕು, ಏಕೆಂದರೆ ಜಿಎಲ್‌-5ರ ಗಂಧಕ, ರಂಜಕದ ಸೇರ್ಪಡೆಗಳು ಹಿತ್ತಾಳೆಯನ್ನು ಕೊರೆಯಬಲ್ಲವು. ಸದ್ದು ಅಡಗಿಸಲು ದಪ್ಪ ಎಣ್ಣೆ ತುಂಬುವ ರೂಢಿ ರೋಗವನ್ನು ಮುಚ್ಚಿಡುತ್ತದೆ, ವಾಸಿಮಾಡುವುದಿಲ್ಲ.

ರಿಪೇರಿಯ ತೀರ್ಮಾನ

ಎಲ್ಲ ಸದ್ದಿಗೂ ತುರ್ತು ಒಂದೇ ಅಲ್ಲ. ವರ್ಷಗಳಿಂದ ಬದಲಾಗದೆ ಇರುವ ತೆಳು ಗೇರ್ ಸ್ವರವನ್ನು, ಎಣ್ಣೆ ಸ್ವಚ್ಛವಾಗಿದ್ದರೆ, ಹಾಗೆಯೇ ಬಿಡಬಹುದು. ಚಕ್ರದ ಬೇರಿಂಗ್‌ನ ಆಟ, ಕ್ರಾಸ್‌ನ ಹೊಡೆತ, ಎಣ್ಣೆಯಲ್ಲಿ ಲೋಹದ ಚೂರು ಇವು ಕಂಡರೆ ಗಾಡಿಯನ್ನು ಘಟ್ಟಕ್ಕೆ ಒಯ್ಯಬಾರದು. ವೇಗದಲ್ಲಿ ಪ್ರೊಪೆಲರ್ ಶಾಫ್ಟ್ ಕಳಚಿದರೆ ಆಗುವ ಅನಾಹುತ ಗ್ಯಾರೇಜಿನ ಬಿಲ್ಲಿಗೆ ಹೋಲಿಸುವಂಥದ್ದಲ್ಲ.

ಹಳೇ ಫಾರ್ಚೂನರ್, ಸಿಆರ್‌-ವಿಯಂಥ ಗಾಡಿಗಳಿಗೆ ಗುಜರಿಯ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್ ತರಿಸುವುದು ರೂಢಿ. ಕೊಳ್ಳುವ ಮೊದಲು ಅನುಪಾತ ಹೊಂದುತ್ತದೆಯೇ, ಕೈಯಲ್ಲಿ ತಿರುಗಿಸಿದಾಗ ನುಣುಪಾಗಿದೆಯೇ, ಒಳಗಿನ ಎಣ್ಣೆಯ ಬಣ್ಣ ಹೇಗಿದೆ ಎಂಬ ಮೂರನ್ನು ನೋಡಬೇಕು. ಕೂರಿಸುವ ಮೊದಲೇ ಸೀಲುಗಳನ್ನು ಹೊಸತು ಮಾಡಿದರೆ ಮತ್ತೆ ಇಳಿಸುವ ಕೂಲಿ ಉಳಿಯುತ್ತದೆ.

ಹದಿನೈದು ವರ್ಷ ತುಂಬಿದ ಖಾಸಗಿ ಗಾಡಿಯ ನೋಂದಣಿ ನವೀಕರಣಕ್ಕೆ ಹೇಗೂ ಫಿಟ್‌ನೆಸ್ ತಪಾಸಣೆ ಇದೆ. ಅದಕ್ಕೆ ಮೊದಲೇ, ಪ್ರತಿ ವರ್ಷ ಮೇ ತಿಂಗಳಲ್ಲೊಮ್ಮೆ ಬ್ರೀದರ್, ಬೂಟ್, ಗ್ರೀಸ್, ಟಯರಿನ ಅಳತೆ ನೋಡಿಸಿ, ಮಳೆಗಾಲ ಮುಗಿದ ಮೇಲೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್‌ಗಳ ಎಣ್ಣೆ ಪರೀಕ್ಷಿಸಬೇಕು. ಈ ಎರಡು ತಪಾಸಣೆ ತಪ್ಪಿಸದ ಗಾಡಿಯಲ್ಲಿ ದೊಡ್ಡ ರಿಪೇರಿಯ ಸದ್ದು ಅಪರೂಪ. ಸದ್ದು ಬಂದೇ ಬಿಟ್ಟರೆ, ಪರೀಕ್ಷೆಯ ಹಾಳೆ ತುಂಬಿದ ಮೇಲೆಯೇ ಸ್ಪಾನರ್ ಕೈಗೆತ್ತಿಕೊಳ್ಳುವ ಗ್ಯಾರೇಜನ್ನು ಆರಿಸಿಕೊಳ್ಳಿ.